ಮಾರುವ ಮನೆಗೆ ಯಾವ ಬಣ್ಣ? ಮೊದಲು ನೆಲ ನೋಡಿ, ಆಮೇಲೆ ಶೇಡ್ ಕಾರ್ಡ್

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 30x40 ಸೈಟಿನಲ್ಲಿ ನಮ್ಮ ಮನೆ ಇದೆ. 1994ರಲ್ಲಿ ಕಟ್ಟಿಸಿದ್ದು. ಕೆಳಗೆ ಹಾಲ್, ಅಡುಗೆಮನೆ, ಎರಡು ರೂಮು. ಮೇಲೆ ಒಂದು ರೂಮು, ಟೆರೇಸು. ಅಡುಗೆಮನೆ ಬಿಟ್ಟು ಉಳಿದ ಕಡೆಯೆಲ್ಲ ರೆಡ್ ಆಕ್ಸೈಡ್ ನೆಲ. ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಈ ಮನೆ ಮಾರಿ ಬೆಂಗಳೂರಿನಲ್ಲಿ ಮಗಳ ಮನೆ ಹತ್ತಿರ ಫ್ಲ್ಯಾಟ್ ತೆಗೆದುಕೊಳ್ಳುವ ಯೋಚನೆ. ಹತ್ತು ವರ್ಷದ ಹಿಂದೆ ಮಕ್ಕಳ ಇಷ್ಟದಂತೆ ಬಣ್ಣ ಮಾಡಿಸಿದ್ದೆವು. ಹಾಲಿನ ಒಂದು ಗೋಡೆ ಕಿತ್ತಳೆ, ಒಂದು ರೂಮು ಗಿಳಿಹಸಿರು, ಇನ್ನೊಂದು ನೇರಳೆ. ಅಡುಗೆಮನೆಗೆ ಗುಲಾಬಿ ಎನಾಮಲ್. ಹೊರಗಡೆ ಕಡು ಹಳದಿ, ಅದಕ್ಕೆ ಮರೂನ್ ಬಾರ್ಡರ್. ಹಿಂದಿನ ರೂಮಿನ ಗೋಡೆ ಕೆಳಗಿನಿಂದ ಮೂರು ಅಡಿವರೆಗೆ ಉಪ್ಪು ಬಿಟ್ಟು ಉದುರುತ್ತಿದೆ. ಬ್ರೋಕರ್ "ಎಲ್ಲಾ ಬಿಳಿ ಹೊಡೆಸಿಬಿಡಿ" ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗ "ಗೋಡೆಗೆ ಲೈಟ್ ಗ್ರೇ, ಮುಂಬಾಗಿಲಿಗೆ ಕಪ್ಪು ಹಚ್ಚಿಸಿ, ರೇಟು ಜಾಸ್ತಿ ಬರುತ್ತೆ" ಅನ್ನುತ್ತಾನೆ. ಪೇಂಟರ್ ಹಾಲಿಗೆ ಟೆಕ್ಸ್ಚರ್ (ಉಬ್ಬು ತಗ್ಗಿನ ವಿನ್ಯಾಸ) ಮಾಡೋಣ ಅಂತ ಹಿಡಿದಿದ್ದಾರೆ. ಪಕ್ಕದ ಮನೆಯವರದು ವಾಸ್ತು ಮಾತು. ಒಳಗೂ ಹೊರಗೂ ಪುಟ್ಟಿ ಸಮೇತ 1.90 ಲಕ್ಷ ಆಗುತ್ತೆ ಎಂದು ಪೇಂಟರ್ ಲೆಕ್ಕ ಕೊಟ್ಟಿದ್ದಾರೆ. ಇಷ್ಟು ಹಾಕಿದರೆ ವಾಪಸ್ ಬರುತ್ತಾ? ಯಾವ ಬಣ್ಣ ಹಚ್ಚಿಸಲಿ?

ಉತ್ತರ:

ಸರ್, ನೀವು ಕೇಳಿದ್ದು ಬಣ್ಣದ ಪ್ರಶ್ನೆ. ಒಳಗಿರುವ ಆತಂಕ ಬೇರೆ. ಎರಡು ಲಕ್ಷದ ಹತ್ತಿರ ಸುರಿದ ಮೇಲೆ ಬಂದ ಗಿರಾಕಿ "ನಾವು ಹೇಗೂ ಬೇರೆ ಬಣ್ಣ ಮಾಡಿಸ್ಕೋತೀವಿ" ಅಂದರೆ ಏನು ಗತಿ, ಅಲ್ವಾ? ಈ ಆತಂಕ ಸರಿಯಾಗಿಯೇ ಇದೆ. ನಮ್ಮ ಕಡೆ ಹಳೆ ಮನೆ ಕೊಂಡವರು ಗೃಹಪ್ರವೇಶಕ್ಕೆ ಮುಂಚೆ ಬಣ್ಣ ಹೊಡೆಸದೇ ಇರುವುದು ಅಪರೂಪ. ನೀವು ಎಷ್ಟೇ ಚೆನ್ನಾಗಿ ಮಾಡಿಸಿದ್ದರೂ ಅವರ ಪಾಲಿಗೆ ಅದು ಹಳಬರ ಬಣ್ಣವೇ.

ಹಾಗಾಗಿ ಮಾರುವ ಮನೆಯ ಬಣ್ಣಕ್ಕೆ ಒಂದೇ ಕೆಲಸ. ನೋಡಲು ಬಂದವರಿಗೆ ಅನುಮಾನ ಬರಬಾರದು, ಅವರ ಕಣ್ಣು ಗೋಡೆಗೆ ಸಿಕ್ಕಿಕೊಳ್ಳಬಾರದು. ಅಷ್ಟಾದರೆ ಅವರು ಮನೆಯ ಗಾಳಿ ಬೆಳಕು ನೋಡುತ್ತಾರೆ, ಸೋಫಾ ಎಲ್ಲಿ ಇಡೋದು ಅಂತ ಮಾತಾಡಿಕೊಳ್ಳುತ್ತಾರೆ. ಇದಕ್ಕೆ 1.90 ಲಕ್ಷ ಬೇಕಾಗಿಲ್ಲ. ಆದರೆ ಯಾವ ಗೋಡೆಗೆ ಖರ್ಚು ಮಾಡಬೇಕು, ಯಾವುದಕ್ಕೆ ಕೈ ಹಚ್ಚಬಾರದು ಅನ್ನುವುದು ಗೊತ್ತಿರಬೇಕು.

ಕೊಳ್ಳುವವರು ಯಾರು?

ಬಣ್ಣಕ್ಕಿಂತ ಮೊದಲು ಬ್ರೋಕರ್ ಹತ್ತಿರ ಇದನ್ನು ಕೇಳಿ. ನಿಮ್ಮ ರಸ್ತೆಯಲ್ಲಿ ಇತ್ತೀಚೆಗೆ ಮಾರಾಟವಾದ ಹಳೆ ಮನೆಗಳು ಈಗ ಏನಾಗಿವೆ? ಕೊಂಡವರು ಅದರಲ್ಲೇ ವಾಸ ಇದ್ದಾರಾ, ಇಲ್ಲಾ ಕೆಡವಿ ಮೂರು ಫ್ಲೋರ್ ಎಬ್ಬಿಸಿದ್ದಾರಾ?

ಮೂವತ್ತು ವರ್ಷ ದಾಟಿದ ಸ್ವಂತ ಮನೆಗೆ ಬರುವ ಬೆಲೆಯಲ್ಲಿ ದೊಡ್ಡ ಪಾಲು ಸೈಟಿನದು. ಕಟ್ಟಡಕ್ಕೆ ವರ್ಷ ವರ್ಷ ಸವಕಳಿ ಕಳೆದೇ ಬೆಲೆ ಕಟ್ಟುತ್ತಾರೆ. ಕೆಡವಿ ಕಟ್ಟುವವರೇ ನಿಮ್ಮ ಗಿರಾಕಿಗಳಾದರೆ ಅವರು ನೋಡುವುದು ಸೈಟಿನ ಮುಖ ಯಾವ ದಿಕ್ಕಿಗಿದೆ, ರಸ್ತೆ ಎಷ್ಟು ಅಗಲ, ಖಾತಾ, ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯ ರಶೀದಿ ಸರಿ ಇದೆಯಾ ಅನ್ನುವುದನ್ನು. ಅವರಿಗಾಗಿ ಒಂದು ಲೀಟರ್ ಬಣ್ಣವೂ ದಂಡ. ಗುಡಿಸಿ, ಕಾಂಪೌಂಡಿನ ಕಳೆ ಕಿತ್ತು, ಕಾಗದ ಪತ್ರ ಜೋಡಿಸಿಟ್ಟುಕೊಳ್ಳಿ, ಸಾಕು.

ವಾಸಕ್ಕೆ ಕೊಳ್ಳುವ ಸಂಸಾರಸ್ಥರು ಬರುತ್ತಾರೆ ಅನ್ನುವುದಾದರೆ ಮುಂದೆ ಓದಿ. ನಿಮ್ಮ ಬಡಾವಣೆಯಲ್ಲಿ ಇಬ್ಬರೂ ಬರಬಹುದು. ಅದಕ್ಕೇ ಪೂರ್ತಿ ಖರ್ಚು ಬೇಡ, ಆರಿಸಿ ಮಾಡೋಣ ಅನ್ನುತ್ತೇನೆ.

ನಿಮಗೆ ಬಂದಿರುವ ನಾಲ್ಕು ಸಲಹೆ

ಮಗ ಹೇಳಿದ್ದು ಗಾಳಿಮಾತಲ್ಲ. ಅಮೆರಿಕದಲ್ಲಿ ಮನೆ ಕೊಡು ಕೊಳ್ಳುವ ವ್ಯವಹಾರದ ಜಿಲ್ಲೋ ಎಂಬ ಕಂಪನಿ ಇದೆ. ಮಾರಾಟವಾದ ಮನೆಗಳ ಫೋಟೋ ಮತ್ತು ಬೆಲೆ ಹೋಲಿಸಿ ಅವರು ಬಣ್ಣದ ಲೆಕ್ಕ ಹೊರತರುತ್ತಾರೆ. 2017ರಲ್ಲಿ ತಿಳಿ ನೀಲಿ ಬಾತ್‌ರೂಮ್ ಇದ್ದ ಮನೆಗಳು ನಿರೀಕ್ಷೆಗಿಂತ 5,440 ಡಾಲರ್ ಜಾಸ್ತಿಗೆ ಹೋದವು ಎಂದರು. 2018ರಲ್ಲಿ ಕಪ್ಪು ಅಥವಾ ಇದ್ದಿಲು ಬಣ್ಣದ ಮುಂಬಾಗಿಲಿನ ಮನೆಗಳಿಗೆ 6,271 ಡಾಲರ್ ಜಾಸ್ತಿ ಎಂದರು. ಆ ಲೆಕ್ಕ ಅಲ್ಲಿಯದು. ಅಲ್ಲಿ ಬಹಳ ಜನ ಮನೆ ಹೇಗಿದೆಯೋ ಹಾಗೇ ಸಾಮಾನು ತಂದು ಇಳಿಸುತ್ತಾರೆ. ಕಪ್ಪು ಬಾಗಿಲಿನಿಂದಲೇ ರೇಟು ಏರಿತೋ, ಅಂಥ ಬಾಗಿಲು ಮಾಡಿಸುವವರ ಮನೆಯೇ ಅಚ್ಚುಕಟ್ಟಾಗಿತ್ತೋ, ಅದನ್ನು ಅಂಕಿಯೊಂದೇ ಹೇಳುವುದಿಲ್ಲ. ಮೈಸೂರಲ್ಲಿ ಮನೆ ನೋಡಲು ಬರುವ ಅಜ್ಜಿ ಕಪ್ಪು ಮುಂಬಾಗಿಲು ಕಂಡರೆ ಹೊಸ್ತಿಲಾಚೆಯೇ ಮುಖ ಸಿಂಡರಿಸುತ್ತಾರೆ. 1994ರ ಬಾಗಿಲು ಅಂದರೆ ತೇಗವೋ ಹೊನ್ನೆಯೋ ಇರಬಹುದು. ಅದಕ್ಕೆ ಬಣ್ಣ ಬಳಿಯುವುದೇ ಪಾಪ. ಹಳೆ ವಾರ್ನಿಷ್ ಕೆರೆಸಿ ಪಾಲಿಶ್ ಮಾಡಿಸಿ.

ಬ್ರೋಕರ್ ಹೇಳುವ ಬಿಳಿಯಲ್ಲಿ ಅರ್ಧ ಸತ್ಯವಿದೆ. ತಿಳಿ ಬಣ್ಣ ಬೆಳಕನ್ನು ವಾಪಸ್ ಎಸೆಯುತ್ತದೆ, ಕೋಣೆ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಹಾಲಿನಂಥ ಬಿಳಿ ಹಳೆ ಗೋಡೆಯ ಡೊಂಕನ್ನೆಲ್ಲ ಎತ್ತಿ ತೋರಿಸುತ್ತದೆ. ನಿಮ್ಮ ಕೆಂಪು ನೆಲಕ್ಕಂತೂ ಅದು ಹೊಂದುವುದೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟೆಕ್ಸ್ಚರ್ ಬೇಡ. ಪೇಂಟರಿಗೆ ಅದರಲ್ಲಿ ಕೂಲಿ ಜಾಸ್ತಿ, ನಿಮಗೆ ಲಾಭವಿಲ್ಲ. ಇಷ್ಟವಾಗದ ಬಣ್ಣವನ್ನು ಎರಡು ಕೋಟು ಹೊಡೆದು ಮುಚ್ಚಬಹುದು. ಟೆಕ್ಸ್ಚರ್ ಇಷ್ಟವಾಗದಿದ್ದರೆ ಕೆರೆಯಬೇಕು, ಮತ್ತೆ ಪುಟ್ಟಿ ಹಾಕಬೇಕು. ಗಿರಾಕಿ ಆ ಖರ್ಚನ್ನು ಮನಸ್ಸಲ್ಲೇ ನಿಮ್ಮ ರೇಟಿನಿಂದ ಕಳೆಯುತ್ತಾನೆ.

ವಾಸ್ತು ವಿಷಯ. ಕೊಳ್ಳುವವರು ವಾಸ್ತು ನೋಡುವುದು ನಿಜ. ಅವರು ನೋಡುವುದು ಬಾಗಿಲ ದಿಕ್ಕು, ಅಡುಗೆಮನೆ ಮೂಲೆ, ಸಂಪು, ಮೆಟ್ಟಿಲು. ಬಣ್ಣದ ವಾಸ್ತು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವು ನಿಮ್ಮವರ ಮಾತು ಕೇಳಿ ಆಗ್ನೇಯಕ್ಕೆ ಕೇಸರಿ ಬಳಿಸಿದರೆ ಗಿರಾಕಿಯ ಕಡೆಯವರು ಬೇರೆಯದೇ ಹೇಳಬಹುದು. ತಿಳಿ ಕೆನೆ ಬಣ್ಣಕ್ಕೆ ತಕರಾರು ತೆಗೆಯುವ ವಾಸ್ತು ಪಂಡಿತರನ್ನು ನಾನಂತೂ ಕಂಡಿಲ್ಲ.

ಕೆಂಪು ನೆಲವೇ ಬಣ್ಣ ಆರಿಸಲಿ

ನಿಮ್ಮ ಪತ್ರದಲ್ಲಿ ಕಿತ್ತಳೆ, ಹಸಿರು, ನೇರಳೆಗಿಂತ ನನಗೆ ಮುಖ್ಯವಾಗಿ ಕಂಡದ್ದು ರೆಡ್ ಆಕ್ಸೈಡ್ ನೆಲ. ಗೋಡೆ ಬಣ್ಣ ಬದಲಾಯಿಸಬಹುದು. ನೆಲ, ಅಡುಗೆಮನೆ ಕಟ್ಟೆಯ ಗ್ರಾನೈಟ್, ಬಾಗಿಲು ಕಿಟಕಿಯ ಮರ, ಇವನ್ನು ಮಾರಾಟಕ್ಕೋಸ್ಕರ ಯಾರೂ ಬದಲಾಯಿಸುವುದಿಲ್ಲ. ಹಾಗಾಗಿ ಬದಲಾಗದ್ದನ್ನು ಮೊದಲು ನೋಡಿ, ಅದಕ್ಕೆ ಹೊಂದುವ ಗೋಡೆ ಬಣ್ಣ ಹುಡುಕಬೇಕು. ಶೇಡ್ ಕಾರ್ಡ್ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಕೂತು ಆರಿಸಿದರೆ ಈ ಕ್ರಮ ತಲೆಕೆಳಗಾಗುತ್ತದೆ.

ಬೆಳಗ್ಗೆ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದಾಗ ಹಾಲಿನಲ್ಲಿ ನಿಂತು ಎದುರು ಗೋಡೆಯ ಕೆಳಭಾಗ ನೋಡಿ. ನೆಲದ ಕೆಂಪು ಗೋಡೆಗೆ ಹತ್ತಿ ಕೆಳಗಿನ ಎರಡು ಮೂರು ಅಡಿ ನಸುಗೆಂಪಾಗಿ ಕಾಣುತ್ತದೆ. ಈ ಗೋಡೆಗೆ ನೀಲಿ ಛಾಯೆಯ ಬಿಳಿ ಹಚ್ಚಿದರೆ ಮೇಲ್ಗಡೆ ತಣ್ಣಗೆ ನೀಲಿ, ಕೆಳಗಡೆ ಗುಲಾಬಿ. ಒಂದೇ ಗೋಡೆ, ಎರಡು ಬಣ್ಣ. ನೋಡುವವರಿಗೆ ಏನು ಸರಿಯಿಲ್ಲ ಅಂತ ಹೇಳಲು ಬರುವುದಿಲ್ಲ, ಆದರೂ ಗೋಡೆ ಕೊಳೆಯಾಗಿದೆ ಅನ್ನಿಸುತ್ತದೆ. ಗ್ರೇಯ ತೊಂದರೆ ಇನ್ನೊಂದು ಥರ. ದೊಡ್ಡ ಕೆಂಪು ಹರವಿನ ಪಕ್ಕ ಬೂದು ಬಣ್ಣ ಇಟ್ಟರೆ ಕಣ್ಣಿಗೆ ಅದು ಸ್ವಲ್ಪ ಹಸಿರಾಗಿ ಕಾಣುತ್ತದೆ. ಕಾರ್ಡಿನಲ್ಲಿ ಚೆಂದವಿದ್ದ ಲೈಟ್ ಗ್ರೇ ನಿಮ್ಮ ಹಾಲಿಗೆ ಬಂದ ಮೇಲೆ ಪಾಚಿ ಹಿಡಿದ ಸಿಮೆಂಟಿನಂತೆ ಕಾಣುವ ಅಪಾಯ ಇದೆ.

ಕೆಂಪು ನೆಲಕ್ಕೆ ಹೊಂದುವುದು ಬೆಚ್ಚಗಿನ ಆಫ್-ವೈಟ್. ಅಂದರೆ ಬಿಳಿಯಲ್ಲಿ ಚೂರೇ ಚೂರು ಹಳದಿ ಅಥವಾ ಕಂದು ಸೇರಿದ್ದು. ನೆಲದಿಂದ ಏಳುವ ಕೆಂಪು ಅದರಲ್ಲಿ ಬೆರೆತು ಹೋಗುತ್ತದೆ. ಹಳದಿ ಜಾಸ್ತಿಯಾದರೆ ಬೆಣ್ಣೆ ಬಣ್ಣವಾಗಿ ಹಳೆ ಕಚೇರಿಯ ನೆನಪು ಬರುತ್ತದೆ, ಹುಷಾರು. ಒಂದು ಸುಲಭದ ಉಪಾಯ ಇದೆ. ಶೇಡ್ ಕಾರ್ಡಿನ ಆಫ್-ವೈಟ್‌ಗಳನ್ನು ಒಂದು ಬಿಳಿ ಪ್ರಿಂಟರ್ ಹಾಳೆಯ ಮೇಲೆ ಇಟ್ಟು ನೋಡಿ. ಒಂಟಿಯಾಗಿದ್ದಾಗ ಎಲ್ಲ ಒಂದೇ ಥರ ಕಾಣುತ್ತವೆ. ಹಾಳೆಯ ಪಕ್ಕ ಬಂದ ಕೂಡಲೇ ಯಾವುದರಲ್ಲಿ ಹಸಿರು, ಯಾವುದರಲ್ಲಿ ಗುಲಾಬಿ, ಯಾವುದರಲ್ಲಿ ಬೂದು ಅಡಗಿದೆ ಅಂತ ಗೊತ್ತಾಗುತ್ತದೆ. ಹಸಿರು, ಬೂದು ಛಾಯೆಯವನ್ನು ಬಿಟ್ಟುಬಿಡಿ.

ಎರಡು ಮೂರು ಆರಿಸಿಕೊಂಡ ಮೇಲೆ ಸ್ಯಾಂಪಲ್ ಹೊಡೆಸಲೇಬೇಕು. ಆದರೆ ಕಿತ್ತಳೆ ಗೋಡೆಯ ನಡುವೆ ಒಂದು ಚೌಕ ಬಳಿದು ನೋಡಬೇಡಿ. ಸುತ್ತಲ ಕಿತ್ತಳೆ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಚೌಕದ ಪ್ಲೈವುಡ್ ತುಂಡಿಗೆ ಪ್ರೈಮರ್ ಹಾಕಿ ಎರಡು ಕೋಟು ಹೊಡೆಸಿ. ಅದನ್ನು ನೆಲಕ್ಕೆ ತಾಗಿಸಿ ಗೋಡೆಗೆ ಒರಗಿಸಿಡಿ. ಬೆಳಗ್ಗೆ, ಸಂಜೆ, ರಾತ್ರಿ ಲೈಟ್ ಹಾಕಿದ ಮೇಲೆ ನೋಡಿ.

ಲೈಟಿನ ವಿಷಯ ಬಂತು. ನಮ್ಮ ಹಾಲುಗಳಲ್ಲಿ ಒಂದು ಮೂಲೆಯಲ್ಲಿ ಬೆಳ್ಳನೆ ಟ್ಯೂಬ್, ಇನ್ನೊಂದು ಕಡೆ ಹಳದಿ ಬಲ್ಬು ಇರುವುದು ಮಾಮೂಲು. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 6500 ಅಂದರೆ ನೀಲಿ ಬೆರೆತ ಬಿಳಿ, 3000 ಅಂದರೆ ಹಳದಿ, 4000 ನಡುವಿನದು. ಎರಡೂ ಒಟ್ಟಿಗೆ ಉರಿದರೆ ಯಾವ ಆಫ್-ವೈಟೂ ಎರಡು ಬಣ್ಣವಾಗಿ ಕಾಣುತ್ತದೆ, ಜಾಹೀರಾತಿಗೆ ತೆಗೆದ ಮೊಬೈಲ್ ಫೋಟೋದಲ್ಲಂತೂ ಇನ್ನೂ ಕೆಟ್ಟದಾಗಿ. ಹಾಲಿಗೂ ರೂಮುಗಳಿಗೂ ಒಂದೇ ಸಂಖ್ಯೆಯ ಎಲ್‌ಇಡಿ ಹಾಕಿಸಿ, ನಿಮ್ಮ ನೆಲಕ್ಕೆ 4000 ಚೆನ್ನ. ಇಡೀ ಮನೆಗೆ ಇದು ಕೆಲವು ಸಾವಿರದ ಮಾತು. ಎಷ್ಟೋ ಸಲ ಇಷ್ಟು ಮಾಡಿದ ಮೇಲೆ "ಬಣ್ಣ ಯಾವಾಗ ಮಾಡಿಸಿದ್ರಿ?" ಅಂತ ಕೇಳುತ್ತಾರೆ!

ಇನ್ನು ಆ ನೆಲವನ್ನು ಮುಚ್ಚಲು ಹೋಗಬೇಡಿ. ಕೆಲವರು ಮಾರುವ ಮುಂಚೆ ರೆಡ್ ಆಕ್ಸೈಡ್ ಮೇಲೆ ಅಗ್ಗದ ಟೈಲ್ಸ್ ಹಾಕಿಸುತ್ತಾರೆ, ಇಲ್ಲಾ ಅಂಟಿಸುವ ವಿನೈಲ್ ಶೀಟು ಹಾಸುತ್ತಾರೆ. ಬಿರುಕಿಲ್ಲದ, ಹೊಳಪಿರುವ ಗಾರೆ ನೆಲವನ್ನು ಈಗ ಹೊಸ ಮನೆ ಕಟ್ಟುವವರೇ ಹುಡುಕಿಕೊಂಡು ಮಾಡಿಸುತ್ತಿದ್ದಾರೆ. ಒಳ್ಳೆ ಮೇಸ್ತ್ರಿಗಳು ಸಿಗುವುದು ಕಷ್ಟವಾಗಿದೆ. ತೊಳೆದು, ಒಣಗಿಸಿ, ವ್ಯಾಕ್ಸ್ ಪಾಲಿಶ್ ಮಾಡಿಸಿ.

ಹಿಂದಿನ ರೂಮಿನ ಗೋಡೆ

ನಿಮ್ಮ ಮನೆಯಲ್ಲಿ ರೇಟು ಇಳಿಸುವ ಗೋಡೆ ಇದ್ದರೆ ಇದೇ. ಕಿತ್ತಳೆ ಗೋಡೆ ನೋಡಿ ಗಿರಾಕಿ ನಗಬಹುದು. ಉಪ್ಪು ಬಿಟ್ಟ ಗೋಡೆ ನೋಡಿದರೆ ಹೆದರುತ್ತಾನೆ.

ಮೂರು ಅಡಿವರೆಗೆ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಉದುರುತ್ತಿದ್ದರೆ ಅದು ನೆಲದಿಂದ ಏರುತ್ತಿರುವ ತೇವ. ಮಳೆ ನೀರು ಸೋರಿದ್ದಾದರೆ ಕಲೆ ಮೇಲಿಂದ ಶುರುವಾಗುತ್ತದೆ. ಪೈಪು ಒಡೆದಿದ್ದರೆ ಒಂದು ಜಾಗದಲ್ಲಿ ಗುಂಡಗೆ ಹರಡುತ್ತದೆ, ಬಿರು ಬೇಸಿಗೆಯಲ್ಲೂ ಒಣಗುವುದಿಲ್ಲ. ಉಬ್ಬಿದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗರಿಗರಿ ಅಂತ ಮುರಿದು ಹತ್ತಿಯಂಥ ಬಿಳಿ ಪುಡಿ ಉದುರುತ್ತದಲ್ಲ, ಅದು ಬಣ್ಣವೂ ಅಲ್ಲ, ಪುಟ್ಟಿಯೂ ಅಲ್ಲ. ಇಟ್ಟಿಗೆ, ಮರಳು, ಮಣ್ಣಿನಲ್ಲಿದ್ದ ಉಪ್ಪು ನೀರಲ್ಲಿ ಕರಗಿ ಗೋಡೆ ಹತ್ತುತ್ತದೆ. ನೀರು ಆರುತ್ತದೆ, ಉಪ್ಪು ಬಣ್ಣದ ಹಿಂದೆ ಹರಳುಗಟ್ಟುತ್ತದೆ. ಆ ಹರಳು ಬೆಳೆಯುತ್ತಾ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ನೀವು ಎಂಥ ದುಬಾರಿ ಬಣ್ಣ ಹಚ್ಚಿದರೂ ತಳ್ಳುವ ಕೈ ಅಲ್ಲೇ ಇರುತ್ತದೆ.

1994ರಲ್ಲಿ ಇಲ್ಲದ ತೇವ ಈಗ ಎಲ್ಲಿಂದ ಬಂತು? ಹೊರಗೆ ಹೋಗಿ ನೋಡಿ. ವರ್ಷಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿರುತ್ತದೆ. ನೀರು ಒಳಗೆ ಬರಬಾರದು ಅಂತ ನೀವೂ ಕಾಂಪೌಂಡಿಗೆ ಮಣ್ಣು ಹಾಕಿ ಚಪ್ಪಡಿ ಹಾಸಿಸಿರುತ್ತೀರಿ. ಹೊರಗಿನ ನೆಲ ತಳಪಾಯದ ತೇವ ತಡೆಯುವ ಪಟ್ಟಿಗಿಂತ ಮೇಲೆ ಬಂದಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಗೋಡೆಗೆ ತಾಗಿಸಿ ಮಾಡಿದ ತುಳಸಿ, ದಾಸವಾಳದ ಪಾತಿ, ಪಾತ್ರೆ ತೊಳೆಯುವ ಕಟ್ಟೆಯೂ ಕಾರಣವಾಗುತ್ತದೆ.

ತೇವ ಗೋಡೆಯೊಳಗಿನಿಂದಲೇ ಬರುತ್ತಿದೆಯಾ ಅಂತ ನೋಡಲು ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಉದುರುತ್ತಿರುವ ಜಾಗದಲ್ಲಿ ಟೇಪು ಹಿಡಿಯುವುದಿಲ್ಲ, ಅದರ ಪಕ್ಕ ಗಟ್ಟಿ ಇರುವ ಕಡೆ ಅಂಟಿಸಿ. ಹನಿ ಹಾಳೆಯ ಹಿಂದೆ, ಗೋಡೆ ಕಡೆ ಇದ್ದರೆ ನೀರು ಗೋಡೆಯಲ್ಲಿದೆ. ರೂಮಿನ ಕಡೆ ಇದ್ದರೆ ಗಾಳಿಯಾಡದೆ ಕೂತ ತೇವ, ಕಿಟಕಿ ತೆಗೆದಿಟ್ಟರೆ ಅರ್ಧ ಸರಿಹೋಗುತ್ತದೆ.

ಈಗ ನಿಮ್ಮ ಮುಂದೆ ದಾರಿಗಳಿವೆ. ಪೇಂಟರುಗಳು ಸಾಮಾನ್ಯವಾಗಿ ಹೇಳುವುದು: ಕೆರೆದು, ವಾಟರ್‌ಪ್ರೂಫ್ ಕೋಟು ಕೊಟ್ಟು, ಪುಟ್ಟಿ ಹಾಕಿ ಬಣ್ಣ ಹೊಡೆಯೋಣ. ಕೆಲವು ತಿಂಗಳು ಚೆನ್ನಾಗಿರುತ್ತದೆ. ಒಳಗಡೆ ಬಾಯಿ ಮುಚ್ಚಿದ ತೇವ ಇನ್ನೂ ಮೇಲೆ ಹತ್ತಿ, ಮೂರಡಿಯಲ್ಲಿದ್ದದ್ದು ನಾಲ್ಕಡಿಯಲ್ಲಿ ಹೊರಬರುತ್ತದೆ. ನಿಮ್ಮ ಮಾರಾಟ ಬೇಗ ಕುದುರದಿದ್ದರೆ ಗಿರಾಕಿ ಬರುವ ಹೊತ್ತಿಗೇ ಉಬ್ಬಿರುತ್ತದೆ. ಹಳೆ ಮನೆಯಲ್ಲಿ ಒಂದೇ ಗೋಡೆಯ ಕೆಳಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ತಿಳಿದವರು ಮೊದಲು ಕೈ ಇಡುವುದೂ ಅಲ್ಲಿಗೇ.

ಸರಿಯಾದ ದಾರಿ ಹೊರಗಿನಿಂದ ಶುರುವಾಗುತ್ತದೆ. ಪಾತಿ ತೆಗೆದು, ಹೊರ ನೆಲದ ಮಟ್ಟ ಇಳಿಸಿ, ನೀರು ಗೋಡೆಯಿಂದ ಆಚೆ ಹೋಗುವಂತೆ ಇಳಿಜಾರು ಕೊಡಿಸಬೇಕು. ಒಳಗೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರಿಂಗ್ ಒಡೆದು, ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆದು (ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ), ಗೋಡೆ ಒಣಗಲು ಬಿಟ್ಟು ಹೊಸದಾಗಿ ಪ್ಲಾಸ್ಟರಿಂಗ್ ಮಾಡಿಸಬೇಕು. ಅದಾದ ಮೇಲೆ ಬಣ್ಣಕ್ಕೆ 28 ದಿನವಾದರೂ ಕಾಯಬೇಕು. ಖರ್ಚಿಗಿಂತ ಸಮಯ ಜಾಸ್ತಿ ಹಿಡಿಯುವ ಕೆಲಸ ಇದು.

ಅಷ್ಟು ಸಮಯ ಇಲ್ಲ ಅಂದರೆ ಮೂರನೆಯ ದಾರಿಯೂ ಮರ್ಯಾದೆಯದೇ. ಉದುರುವುದನ್ನು ಕೆರೆಸಿ, ಗೋಡೆಯನ್ನು ಬರಿದಾಗಿ ಬಿಟ್ಟು, ರಿಪೇರಿಗೆ ಎಷ್ಟಾಗುತ್ತದೆ ಎಂದು ಮೇಸ್ತ್ರಿಯಿಂದ ಬರೆಸಿಟ್ಟುಕೊಂಡು ಗಿರಾಕಿಗೆ ನೀವೇ ಹೇಳುವುದು. ಕಾನೂನೂ ಇದನ್ನೇ ಕೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಣ್ಣಿಗೆ ಬೀಳದಂಥ ಮುಖ್ಯ ದೋಷವನ್ನು ಮಾರುವವರು ಹೇಳಬೇಕು. ಎದ್ದು ಕಾಣುತ್ತಿದ್ದ ತೇವವನ್ನು ಪುಟ್ಟಿ ಹಚ್ಚಿ ಮುಚ್ಚಿದರೆ ಕಾಣುವ ದೋಷವನ್ನು ನೀವೇ ಕಾಣದ ದೋಷ ಮಾಡಿದಂತಾಗುತ್ತದೆ. ಬ್ಯಾಂಕಿನಲ್ಲಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಗೋಡೆಗೆ ಎಷ್ಟು

ಹಾಲ್, ಎರಡು ರೂಮಿಗೂ ಒಂದೇ ಆಫ್-ವೈಟ್. ರೂಮಿಗೊಂದು ಬಣ್ಣ ಬೇಡ. ಬಾಗಿಲು ತೆಗೆದಿದ್ದಾಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಣ್ಣ ಮುಂದುವರಿದರೆ ಮನೆ ಅಗಲವಾಗಿ ಕಾಣುತ್ತದೆ. ಒಂದೇ ಶೇಡ್ ಆದರೆ ದೊಡ್ಡ ಡಬ್ಬ ತರಬಹುದು, ಉಳಿತಾಯವೂ ಹೌದು. ತಾರಸಿಯ ಒಳಮೈಗೆ ಮಾತ್ರ ಬರೀ ಬಿಳಿ.

ಕಿತ್ತಳೆ ಗೋಡೆಗೆ ನೇರವಾಗಿ ಆಫ್-ವೈಟ್ ಹೊಡೆದರೆ ಮೂರು ನಾಲ್ಕು ಕೋಟಾದರೂ ಒಳಗಿನಿಂದ ಕಿತ್ತಳೆ ಇಣುಕುತ್ತದೆ. ಮೊದಲು ಬಿಳಿ ಪ್ರೈಮರ್ ಹಾಕಿಸಿ, ಆಮೇಲೆ ಎರಡು ಕೋಟು ಸಾಕು. ನೇರಳೆಗೂ ಗಿಳಿಹಸಿರಿಗೂ ಇದೇ. ಪ್ರೈಮರ್ ಉಳಿಸಲು ಹೋಗಿ ದುಬಾರಿ ಬಣ್ಣ ಸುರಿಯುವುದನ್ನು ನಾನು ದಿನಾ ನೋಡುತ್ತೇನೆ.

ಪುಟ್ಟಿಯನ್ನು ಇಡೀ ಮನೆಗೆ ಹಾಕಿಸಬೇಡಿ. ನಿಮ್ಮ 1.90 ಲಕ್ಷದ ಲೆಕ್ಕ ಉಬ್ಬಿರುವುದು ಇಲ್ಲೇ. ಅಂಗೈಯನ್ನು ಗೋಡೆಗೆ ಒತ್ತಿ ಎಳೆಯಿರಿ. ಕೈಗೆ ಪುಡಿ ಹತ್ತದಿದ್ದರೆ ಹಳೆ ಬಣ್ಣ ಗಟ್ಟಿಯಾಗಿದೆ. ಮೊಳೆ ತೂತು, ಬಿರುಕಿಗೆ ಮಾತ್ರ ಪುಟ್ಟಿ ಹಾಕಿ, ಸ್ಯಾಂಡ್ ಪೇಪರ್ ಉಜ್ಜಿ, ಪ್ರೈಮರ್ ಕೊಟ್ಟು ಮುಂದುವರಿಯಬಹುದು. ಕೈ ಬೆಳ್ಳಗಾದರೆ ಒಳಗೆ ಸುಣ್ಣವೋ ಹಳೆ ಡಿಸ್ಟೆಂಪರೋ ಇದೆ. ಅದನ್ನು ಕೆರೆಯದೆ ಮೇಲೆ ಏನು ಹಚ್ಚಿದರೂ ಕಳಚಿ ಬರುತ್ತದೆ.

ಎಮಲ್ಷನ್‌ನಲ್ಲಿ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಹೊಳಪು ಕಮ್ಮಿ ಇರುವುದನ್ನು ಕೇಳಿ. ಅಂಗಡಿಯವರು ಮಿರಮಿರ ಹೊಳೆಯುವುದನ್ನೇ ತೋರಿಸುತ್ತಾರೆ. ಹೊಸ ಅಪಾರ್ಟ್‌ಮೆಂಟಿನ ಸಪಾಟು ಗೋಡೆಗೆ ಅದು ಸರಿ. ಹಳೆ ಗಾರೆ ಗೋಡೆಯ ಮೇಲೆ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೊಳಪು ಬಣ್ಣ ಪ್ರತಿಯೊಂದು ಉಬ್ಬು ತಗ್ಗನ್ನೂ ತೋರಿಸುತ್ತದೆ.

ಅಡುಗೆಮನೆ ಸ್ವಲ್ಪ ತಾಪತ್ರಯ. ಎನಾಮಲ್ ಅಂದರೆ ಎಣ್ಣೆ ಬಣ್ಣ, ಅದರ ಮೇಲೆ ನೇರವಾಗಿ ಎಮಲ್ಷನ್ ಕೂರುವುದಿಲ್ಲ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮೊದಲು ಸೋಪಿನ ನೀರಲ್ಲಿ ಒಗ್ಗರಣೆ ಜಿಡ್ಡು ತೆಗೆದು, ಹೊಳಪು ಹೋಗುವವರೆಗೆ ಉಜ್ಜಿ, ಎನಾಮಲ್ ಮೇಲೆ ಹಿಡಿಯುವ ಪ್ರೈಮರ್ ಹಾಕಬೇಕು. ಇಲ್ಲೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ನಿಮ್ಮ ಎನಾಮಲ್, ಕಿಟಕಿ ಸರಳಿನ ಬಣ್ಣ ಅದಕ್ಕಿಂತ ಹಳೆಯದು ಇರಬಹುದು. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿಕೊಂಡು ಉಜ್ಜಿಸಿ, ಕೆಲಸದವರಿಗೆ ಮಾಸ್ಕ್ ಕೊಡಿ, ಮೊಮ್ಮಕ್ಕಳು ಬಂದಿದ್ದರೆ ಆ ದಿನಗಳಲ್ಲಿ ಬೇರೆ ಕಡೆ ಇರಲಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಗುಲಾಬಿಯನ್ನೇ ತಿಕ್ಕಿ ತೊಳೆಸಿ ಹಾಗೇ ಬಿಡಿ. ಅಡುಗೆಮನೆಯನ್ನು ಗಿರಾಕಿ ಒಡೆದು ಮಾಡ್ಯುಲರ್ ಮಾಡಿಸುವ ಸಂಭವ ಜಾಸ್ತಿ.

ದೇವರ ಮನೆಯ ದೀಪದ ಮಸಿ, ಎಣ್ಣೆ ಕಲೆಗೆ ಮಾತ್ರ ಸ್ಟೇನ್ ತಡೆಯುವ ಪ್ರೈಮರ್ ಬೇಕು. ಇಲ್ಲದಿದ್ದರೆ ಹೊಸ ಬಣ್ಣದ ಮೂಲಕವೂ ಹಳದಿಯಾಗಿ ಬರುತ್ತದೆ.

ಹೊರಗಿನ ಕಡು ಹಳದಿಯನ್ನು ಬದಲಾಯಿಸಿ, ಅದು ಈಗಾಗಲೇ ಬಿಸಿಲಿಗೆ ಒಂದೊಂದು ಕಡೆ ಒಂದೊಂದು ಥರ ಮಾಸಿರುತ್ತದೆ. ಸ್ಯಾಂಡಲ್ ಅಥವಾ ತಿಳಿ ಕಂದು ಸಾಕು. ಇಂಥ ಶೇಡುಗಳಲ್ಲಿ ಸಾಮಾನ್ಯವಾಗಿ ಬಳಸುವ ಕಬ್ಬಿಣದ ಆಕ್ಸೈಡ್ ವರ್ಣ ಬಿಸಿಲಿಗೆ ಬೇಗ ಮಾಸುವುದಿಲ್ಲ. ಕೆಳಗಿನ ಒಂದೂವರೆ ಅಡಿಗೆ ಗಾಢ ಬಣ್ಣದ ಪಟ್ಟಿ ಇರಲಿ, ಮಳೆಗೆ ಸಿಡಿಯುವ ಕೆಮ್ಮಣ್ಣು ಅಲ್ಲಿ ಕಾಣುವುದಿಲ್ಲ. ಮರೂನ್ ಬಾರ್ಡರನ್ನು ಗೋಡೆ ಬಣ್ಣದಲ್ಲೇ ಮುಚ್ಚಿ. ಪ್ಯಾರಾಪೆಟ್, ಸಜ್ಜೆಯ ಮೇಲಿನ ಕಪ್ಪು ಪಾಚಿಯನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತಿಕ್ಕಿಸಿ ಒಣಗಿಸಿಯೇ ಬಣ್ಣ ಹೊಡೆಸಬೇಕು. ಮುಂಭಾಗ ಮತ್ತು ರಸ್ತೆಗೆ ಕಾಣುವ ಪಕ್ಕ ಮಾತ್ರ ಮಾಡಿಸಿ. ಹಿಂದಿನ ಮೂರಡಿ ಓಣಿಯ ಗೋಡೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಯಾವಾಗ ಮಾಡಿಸೋದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂಗಾರು ಮುಗಿದ ಮೇಲೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಮೈಸೂರಲ್ಲಿ ಗೋಡೆ ಚೆನ್ನಾಗಿ ಒಣಗಿರುತ್ತದೆ. ಆಗ ಮುಗಿಸಿದರೆ ಯುಗಾದಿ, ಅಕ್ಷಯ ತೃತೀಯ ನೋಡಿಕೊಂಡು ವ್ಯವಹಾರ ಕುದುರಿಸುವವರಿಗೆ ಮನೆ ಸಿದ್ಧವಿರುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಅಡ್ವಾನ್ಸ್ ಕೊಡಲು ಜನ ಹಿಂದೆಮುಂದೆ ನೋಡುವುದು ನಿಮಗೇ ಗೊತ್ತು. ಗಿರಾಕಿಯನ್ನು ಕರೆಯುವ ಎರಡು ವಾರ ಮುಂಚೆಯಾದರೂ ಬಣ್ಣ ಮುಗಿದಿರಲಿ. ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿದರೆ "ಏನೋ ಮುಚ್ಚಿದ್ದಾರೆ" ಅನ್ನುವ ಯೋಚನೆಯೇ ಮೊದಲು ಬರುವುದು.

ಬಣ್ಣದ ಖರ್ಚನ್ನು ಕ್ಯಾಪಿಟಲ್ ಗೇನ್ಸ್ ಲೆಕ್ಕದಲ್ಲಿ ಕಳೆಯಬಹುದು ಅಂತ ಯಾರಾದರೂ ಹೇಳಿದರೆ ನಂಬಿಕೊಂಡು ಕೂರಬೇಡಿ. ಸುಣ್ಣ ಬಣ್ಣವನ್ನು ಸಾಮಾನ್ಯವಾಗಿ ರಿಪೇರಿ ಎಂದೇ ಎಣಿಸುತ್ತಾರೆ, ಮನೆಯ ಸುಧಾರಣೆ ಎಂದಲ್ಲ. ಬಿಲ್ ಇಟ್ಟುಕೊಂಡು ನಿಮ್ಮ ಆಡಿಟರನ್ನು ಕೇಳಿ.

ಇನ್ನು "ವಾಪಸ್ ಬರುತ್ತಾ" ಅನ್ನುವ ಪ್ರಶ್ನೆ. ಹಾಕಿದ ರೂಪಾಯಿಗೆ ಇಂತಿಷ್ಟು ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅವರು ಏನೋ ಮಾರಲು ಬಂದಿದ್ದಾರೆ ಅಂತಲೇ ತಿಳಿಯಿರಿ. ಹಾಲು, ಎರಡು ರೂಮು, ಹೊರ ಮುಂಭಾಗ, ಮುಂಬಾಗಿಲ ಪಾಲಿಶ್, ಲೈಟು, ಇಷ್ಟಕ್ಕೆ ಪುಟ್ಟಿ ಬೇಕಾದ ಕಡೆ ಮಾತ್ರ ಎಂದು ಬರೆಸಿ ಹೊಸದಾಗಿ ಲೆಕ್ಕ ಕೇಳಿ. ಗೋಡೆಯ ಚದರಡಿ ಅಳೆದು, ಬಣ್ಣದ ಹೆಸರು, ಎಷ್ಟು ಕೋಟು ಎಂದು ನಮೂದಿಸಿದ ಲೆಕ್ಕ ಇರಲಿ. ಒಟ್ಟು ಇಷ್ಟು ಕೊಡಿ ಅನ್ನುವ ಗುತ್ತಿಗೆ ಬೇಡ. ಮೊದಲು ಹೇಳಿದ್ದರಲ್ಲಿ ದೊಡ್ಡ ಭಾಗ ಉಳಿಯುತ್ತದೆ. ಉಳಿದದ್ದನ್ನು ಹಿಂದಿನ ರೂಮಿನ ತೇವಕ್ಕೆ ತೆಗೆದಿಡಿ.

ಗಿರಾಕಿ "ಬಣ್ಣ ನಾವೇ ಮಾಡಿಸ್ಕೋತೀವಿ, ಅದಕ್ಕೆ ಎರಡು ಲಕ್ಷ ಕಮ್ಮಿ ಮಾಡಿ" ಅಂತ ಕೂತರೆ ಈ ಅಳತೆ ಲೆಕ್ಕವನ್ನೇ ಮುಂದಿಡಿ. ಎಷ್ಟು ಚದರಡಿ, ಎಷ್ಟು ಖರ್ಚು ಅಂತ ಕಾಗದದಲ್ಲಿ ಕಂಡ ಮೇಲೆ ಎರಡು ಲಕ್ಷದ ಮಾತು ತಾನಾಗಿ ಕೆಳಗಿಳಿಯುತ್ತದೆ.